ಚಮಚ-ಸೌಟುಗಳ ಸಂಸಾರ: ಮೊದಲು ತೊಳೆಯಿರಿ, ಆಮೇಲೆ ತೂಗಿರಿ

ಮನೆಯ ಸಾಮಾನುಗಳಲ್ಲಿ ಚಮಚ-ಸೌಟುಗಳಷ್ಟು ಅಲಕ್ಷ್ಯಕ್ಕೆ ಗುರಿಯಾದವು ಬೇರೆ ಇರಲಾರವು. ಒಂದು ಕುಕ್ಕರ್ ಕೊಳ್ಳಬೇಕಾದರೆ ನಾವು ನಾಲ್ಕು ಜನರನ್ನು ವಿಚಾರಿಸುತ್ತೇವೆ. ಒಂದು ಸೀರೆಗಾಗಿ ನಾಲ್ಕು ಅಂಗಡಿಗಳ ಮೆಟ್ಟಿಲು ಹತ್ತಿ ಇಳಿಯುತ್ತೇವೆ. ಚಮಚವನ್ನಾದರೋ ಡಬ್ಬದ ಮೇಲಿನ ಚಿತ್ರ ನೋಡಿ, ಅದರ ಥಳಕಿಗೆ ಮರುಳಾಗಿ ಕೊಂಡು ತರುತ್ತೇವೆ. ಕಳೆದುಹೋದರೆ ಹುಡುಕುವವರಿಲ್ಲ, ಸೊಟ್ಟಗಾದರೆ ನೆಟ್ಟಗೆ ಮಾಡುವವರಿಲ್ಲ. ಹತ್ತು ವರ್ಷ ಸಂಸಾರ ಮಾಡಿದವರ ಅಡಿಗೆಮನೆಯ ಖಾನೆಯನ್ನೊಮ್ಮೆ ಎಳೆದು ನೋಡಿದರೆ, ಒಂದಕ್ಕೊಂದು ನೆಂಟಸ್ತನವಿಲ್ಲದ ಹತ್ತು ಜಾತಿಯ ಚಮಚಗಳು ಅಲ್ಲಿ ಒಟ್ಟಿಗೆ ಮಲಗಿರುತ್ತವೆ. ‘ಇವನ್ನೆಲ್ಲ ಹಾಕಿ ಹೊಸದೊಂದು ಸೆಟ್ ತಂದುಬಿಡೋಣ’ ಎಂಬ ಯೋಚನೆ ಆಗ ಯಾರಿಗಾದರೂ ಬರುವುದು ಸಹಜ. ನಮಗೂ ಬಂದಿತು. ಅದರಿಂದಾದ ನಷ್ಟವನ್ನು ವಾಚಕರ ಮುಂದಿಟ್ಟು, ಆಮೇಲೆ ನಾವು ಕಲಿತುಕೊಂಡ ನಾಲ್ಕು ಮಾತುಗಳನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಒಂದು ಒಳಲೆಯ ಕಥೆ

ನಾವಿರುವುದು ಮುಂಬಯಿಯಲ್ಲಿ. ಇಲ್ಲಿಯ ಎರಡು ಕೋಣೆಯ ಮನೆಗಳಲ್ಲಿ ಹೊಸ ವಸ್ತುವೊಂದು ಒಳಗೆ ಬರಬೇಕಾದರೆ ಹಳೆಯದೊಂದು ಹೊರಗೆ ಹೋಗಲೇಬೇಕೆಂಬುದು ಅಲಿಖಿತ ಶಾಸನ. 2017ರ ದೀಪಾವಳಿಗೆ ಮನೆ ಗುಡಿಸಿ ಸಾರಿಸುವಾಗ ಖಾನೆಯ ಚಮಚಗಳನ್ನೂ, ಅಟ್ಟದ ಮೇಲಿನ ಡಬ್ಬದಲ್ಲಿ ಊರಿನಿಂದ ಬಂದು ಬಿದ್ದಿದ್ದ ಹಳೆಯ ಸೌಟುಗಳನ್ನೂ ಒಂದು ಚೀಲಕ್ಕೆ ಸುರಿದೆವು. ಹಿತ್ತಾಳೆಯ ಎರಡು ಸೌಟುಗಳು, ಹಿಡಿ ಮುರಿದ ಜಾಲರಿ, ಬಗ್ಗಿದ ಚಮಚಗಳು, ದೋಣಿಯಂತೆ ಮೂತಿ ಚಾಚಿದ್ದ ಅಂಗೈಯಗಲದ ಒಂದು ಕರಿಯ ಪಾತ್ರೆ, ಹೀಗೆ ಚೀಲ ತುಂಬಿತು. ಹಳೆಯ ಸಾಮಾನು ಕೊಳ್ಳುವವನು ಅದನ್ನು ತೂಗಿ ಕೊಟ್ಟ ಹಣಕ್ಕೆ ಇನ್ನಷ್ಟು ಸೇರಿಸಿ, ಮಖಮಲ್ಲಿನ ಪೆಟ್ಟಿಗೆಯಲ್ಲಿ ಸಾಲಾಗಿ ಮಲಗಿದ್ದ 24 ನಗಗಳ ಹೊಳೆಯುವ ಸೆಟ್ ಒಂದನ್ನು ಮನೆಗೆ ತಂದೆವು. ಬಂದವರೆಲ್ಲರೂ ಮೆಚ್ಚಿದರು, ನಾವೂ ಹಿಗ್ಗಿದೆವು.

ಮುಂದಿನ ಬೇಸಗೆಯಲ್ಲಿ ಮನೆಯಲ್ಲಿ ಮಗು ಹುಟ್ಟಿತು. ಬಾಣಂತನಕ್ಕೆ ನೆರವಾಗಲೆಂದು ಮೈಸೂರಿನಿಂದ ನಮ್ಮ ಸೋದರತ್ತೆಯವರು ಬಂದರು. ಬಂದ ಮೂರನೆಯ ದಿನ ಅವರು ಅಡಿಗೆಮನೆಯಿಂದ ಕೂಗಿ ಕೇಳಿದರು:

“ಒಳಲೆ ಎಲ್ಲಿಟ್ಟಿದ್ದೀರಪ್ಪಾ?”

“ಯಾವ ಒಳಲೆ, ಅತ್ತೆ?”

“ಅದೇ, ನಿಮ್ಮಪ್ಪನಿಗೂ ನನಗೂ ಹಾಲು ಹಾಕಿದ್ದು. ನಿನಗೂ ಅದರಲ್ಲೇ ಹಾಕಿದ್ದು. ದೋಣಿಯ ಹಾಗೆ ಇರುತ್ತೆ ನೋಡು.”

ನಮಗೆ ಬಾಯಿ ಕಟ್ಟಿತು. ಕೊನೆಗೆ, “ಅದು ಕರ್ರಗಿತ್ತು ಅತ್ತೆ... ಜರ್ಮನ್ ಸಿಲ್ವರ್ ಇರಬೇಕು ಅಂತ...” ಎಂದು ತೊದಲಿದೆವು.

“ಕೊಟ್ಟುಬಿಟ್ಟಿರಾ? ಬೆಳ್ಳಿ ಕರ್ರಗಾಗದೆ ಇನ್ನೇನಾಗುತ್ತೆ? ಒಂದು ಚಿಟಿಕೆ ವಿಭೂತಿ ಹಾಕಿ ತಿಕ್ಕಿ ನೋಡಬಾರದಾಗಿತ್ತೇ? ಬೆನ್ನ ಮೇಲೆ ನಿಮ್ಮಜ್ಜನ ಹೆಸರು ಇತ್ತಲ್ಲಪ್ಪಾ!”

ಅವರು ಬಯ್ಯಲಿಲ್ಲ. ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತು. ಮರುದಿನ ಆ ಅಂಗಡಿಗೆ ಹೋಗಿ ಆರು ತಿಂಗಳ ಹಿಂದಿನ ಚೀಲವನ್ನು ವಿಚಾರಿಸಿದೆವು. ಅಂಗಡಿಯವನು ನಕ್ಕನು. ಅವನದೇನೂ ತಪ್ಪಿಲ್ಲ, ಮನೆಯವರಿಗೇ ಗುರುತಿಲ್ಲದ ವಸ್ತುವನ್ನು ಬೀದಿಯವನು ಗುರುತಿಸಬೇಕೆಂದರೆ ಹೇಗೆ?

ಇತ್ತ ಹೊಸ ಸೆಟ್ಟಿನ ಹಣೆಬರಹವೂ ಅಷ್ಟರಲ್ಲಿ ಬಯಲಾಗಿತ್ತು. ಗಟ್ಟಿಯಾಗಿ ಹೆಪ್ಪುಗಟ್ಟಿದ ಐಸ್‌ಕ್ರೀಮಿಗೆ ಇಳಿಸಿದೊಡನೆ ಚಮಚ ಸೊಂಟ ಬಗ್ಗಿಸಿತು. ಮಳೆಗಾಲದಲ್ಲಿ ಫೋರ್ಕುಗಳ ಹಲ್ಲಿನ ಸಂದಿಯಲ್ಲಿ ಕಂದು ಚುಕ್ಕೆಗಳು ಎದ್ದವು. ಕೈಯಲ್ಲಿ ಕಲಸಿ ಉಣ್ಣುವ ನಮ್ಮ ಮನೆಯಲ್ಲಿ ಆರು ಚೂರಿ, ಆರು ಫೋರ್ಕುಗಳಿಗೆ ಉದ್ಯೋಗವೂ ಇರಲಿಲ್ಲ. ಗುರುತಿಸದೆ ಕೊಟ್ಟದ್ದು ಒಂದು ತಪ್ಪು. ಗುರುತಿಸದೆ ಕೊಂಡದ್ದು ಇನ್ನೊಂದು ತಪ್ಪು.

ಹೆಸರಿನಿಂದ ಗುರುತು

ವಸ್ತುವಿನ ಹೆಸರು ಮನೆಯಲ್ಲಿ ಬಳಕೆಯಲ್ಲಿದ್ದರೆ ಆ ವಸ್ತು ಸುಲಭವಾಗಿ ಕಳೆದುಹೋಗುವುದಿಲ್ಲ. ‘ಒಳಲೆ’ ಎಂಬ ಮಾತು ನಮ್ಮ ಬಾಯಲ್ಲಿ ಉಳಿದಿದ್ದರೆ ಅದು ‘ಆ ಕರಿಯ ಪಾತ್ರೆ’ಯಾಗಿ ಚೀಲ ಸೇರುತ್ತಿರಲಿಲ್ಲ. ಹೊರನಾಡಿನಲ್ಲಿರುವ ನಮಗೆ ಈ ಅಪಾಯ ಹೆಚ್ಚು. ಮುಂಬಯಿ-ಪುಣೆಗಳ ನಮ್ಮ ಮಕ್ಕಳು ಜಾಲರಿಗೆ ‘ಝಾರಾ’ ಎನ್ನುತ್ತಾರೆ, ಚೆನ್ನೈಯವರು ಸೌಟಿಗೆ ‘ಕರಂಡಿ’ ಎನ್ನುತ್ತಾರೆ, ಹೈದರಾಬಾದಿನವರು ‘ಗರಿಟೆ’ ಎಂದೂ ದೆಹಲಿಯವರು ‘ಕಲ್ಛಿ’ ಎಂದೂ ಕರೆಯುತ್ತಾರೆ. ಅವು ಕೆಟ್ಟ ಮಾತುಗಳೆಂದು ನಾವು ಹೇಳುತ್ತಿಲ್ಲ. ನೆರೆಯವರ ಮಾತು ನಾಲಗೆಗೆ ಬರುವುದು ಬಾಳಿನ ಲಕ್ಷಣ. ಆದರೆ ನಮ್ಮದನ್ನು ಬಿಟ್ಟುಕೊಡಬೇಕಾಗಿಲ್ಲ.

ಸಾರು-ಹುಳಿ ಬಡಿಸಲು ಗುಂಡಿಯಿರುವುದು ಸೌಟು. ಅಗಲವಾಗಿ ಚಪ್ಪಟೆಯಾಗಿದ್ದು ಕೆದಕುವುದಕ್ಕೂ ಮಗುಚುವುದಕ್ಕೂ ಬರುವುದು ಸಟ್ಟುಗ. ಮೈಸೂರು ಕಡೆಯವರು ಅದನ್ನು ಮೊಗಚೇಕೈ ಎನ್ನುವುದುಂಟು. ಕರಿದದ್ದನ್ನು ಎಣ್ಣೆಯಿಂದ ಎತ್ತುವುದು ಜಾಲರಿ. ಮರದ ಹುಟ್ಟು, ತೆಂಗಿನ ಚಿಪ್ಪಿನ ಸೌಟು ಇವು ಬೇರೆ. ದೇವರ ತೀರ್ಥಕ್ಕೆ ಉದ್ಧರಣೆ, ತುಪ್ಪಕ್ಕೆ ಮಿಳ್ಳೆ, ಮಗುವಿಗೆ ಒಳಲೆ. ಈ ಒಳಲೆಯನ್ನೇ ಮರಾಠಿಯಲ್ಲಿ ‘ಬೋಂಡ್ಲೆ’ ಎಂದೂ ತಮಿಳಿನಲ್ಲಿ ‘ಪಾಲಾಡೈ’ ಎಂದೂ ತೆಲುಗಿನಲ್ಲಿ ‘ಉಗ್ಗುಗಿನ್ನೆ’ ಎಂದೂ ಹೇಳುತ್ತಾರೆ. ಅಂಗಡಿಯಲ್ಲಿ ಕೇಳುವಾಗ ಈ ಹೆಸರುಗಳು ಉಪಯೋಗಕ್ಕೆ ಬರುತ್ತವೆ.

ಇನ್ನೊಂದು ಗುರುತು ಕೆತ್ತಿದ ಹೆಸರು. ಹಿಂದಿನವರು ಪಾತ್ರೆಗಳ ಮೇಲೆ ಚುಕ್ಕೆ ಚುಕ್ಕೆಯಾಗಿ ಹೆಸರನ್ನೋ ಊರನ್ನೋ ಇಸವಿಯನ್ನೋ ಕೆತ್ತಿಸುತ್ತಿದ್ದರು. ಮದುವೆ-ಮುಂಜಿಗಳಲ್ಲಿ ಪಾತ್ರೆಗಳು ಅದಲುಬದಲಾಗದಿರಲೆಂಬುದು ಅದರ ಉದ್ದೇಶ. ಆದರೆ ಕಿಲುಬಿನಡಿಯಲ್ಲಿ ಆ ಅಕ್ಷರಗಳು ಕಾಣಿಸುವುದಿಲ್ಲ. ಆದುದರಿಂದಲೇ ನಮ್ಮ ಮೊದಲನೆಯ ಸೂತ್ರ: ಹಳೆಯದನ್ನು ಮೊದಲು ತೊಳೆಯಿರಿ, ಬೆನ್ನು ತಿರುಗಿಸಿ ಓದಿರಿ, ಅನಂತರವೇ ತಕ್ಕಡಿಗೆ ಹಾಕಿರಿ.

ಲೋಹದ ಗುರುತು

ತೊಳೆದ ಮೇಲೆ ಲೋಹವನ್ನು ನಿರ್ಧರಿಸಬೇಕು. ಇದಕ್ಕೆ ಬೇಕಾದವು ಒಂದು ಸೂಜಿಗಲ್ಲು, ಅಡಿಗೆಮನೆಯ ಒಂದು ಎಲೆಕ್ಟ್ರಾನಿಕ್ ತಕ್ಕಡಿ, ಒಂದು ಲೋಟ ನೀರು, ಒಂದು ದಾರ.

ಸೂಜಿಗಲ್ಲಿನ ಪರೀಕ್ಷೆ ಎಲ್ಲರಿಗೂ ಗೊತ್ತು. ಆದರೆ ಬಹಳ ಮಂದಿ ಅದರಿಂದ ತಪ್ಪು ತೀರ್ಮಾನಕ್ಕೆ ಬರುತ್ತಾರೆ. ‘ಸೂಜಿಗಲ್ಲಿಗೆ ಅಂಟಿದರೆ ಅದು ಸ್ಟೇನ್‌ಲೆಸ್ ಅಲ್ಲ’ ಎಂಬ ಮಾತು ನಿಜವಲ್ಲ. ನಿಮ್ಮ ಚೀಲದಲ್ಲಿರುವ ಒಂದು ರೂಪಾಯಿಯ ನಾಣ್ಯವನ್ನೇ ಹಿಡಿದು ನೋಡಿ. ಅದು ಸ್ಟೇನ್‌ಲೆಸ್ ಸ್ಟೀಲಿನದೇ, ಅದರಲ್ಲಿ ಶೇಕಡ 17ರಷ್ಟು ಕ್ರೋಮಿಯಂ ಇದೆ, ಆದರೂ ಅಂಟುತ್ತದೆ. ಉಕ್ಕಿಗೆ ತುಕ್ಕು ಹಿಡಿಯದಂತೆ ಕಾಯುವುದು ಕ್ರೋಮಿಯಂ. ಅದು ಗಾಳಿಯ ಆಮ್ಲಜನಕದೊಡನೆ ಸೇರಿ ಮೈಮೇಲೆ ಕಣ್ಣಿಗೆ ಕಾಣದ ಪೊರೆಯೊಂದನ್ನು ಕಟ್ಟಿಕೊಳ್ಳುತ್ತದೆ. ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಹ್ಯಾರಿ ಬ್ರಿಯರ್ಲಿ ಎಂಬವರು 1913ರಲ್ಲಿ ಬಂದೂಕದ ನಳಿಗೆಗಳಿಗೆ ತಕ್ಕ ಉಕ್ಕನ್ನು ಹುಡುಕುತ್ತಿದ್ದಾಗ ಕ್ರೋಮಿಯಂ ಬೆರೆತ ಉಕ್ಕಿನ ಈ ಗುಣ ಅವರಿಗೆ ಗೋಚರವಾಯಿತು. ಶೆಫೀಲ್ಡ್ ಮೊದಲಿನಿಂದಲೂ ಚೂರಿ-ಕತ್ತರಿಗಳ ಊರು. ಬಂದೂಕಕ್ಕಾಗಿ ಹೊರಟ ಹುಡುಕಾಟ ಊಟದ ಮೇಜಿನ ಚೂರಿಗೆ ಬಂದು ನಿಂತಿತು.

ಸ್ಟೀಲ್ ಚಮಚಗಳಲ್ಲಿ ಮುಖ್ಯವಾಗಿ ಮೂರು ಕುಲಗಳಿವೆ. ಮೊದಲನೆಯದು 304 ಎಂಬ ದರ್ಜೆ. ಚಮಚದ ಬೆನ್ನ ಮೇಲೆ ‘18/8’ ಎಂದು ಒತ್ತಿರುವುದು ಇದನ್ನೇ ಸೂಚಿಸುತ್ತದೆ. ಅಂದರೆ ಶೇಕಡ 18ರಷ್ಟು ಕ್ರೋಮಿಯಂ, ಶೇಕಡ 8ರಷ್ಟು ನಿಕ್ಕಲ್. ಹುಳಿ, ಉಪ್ಪು, ಮಳೆಗಾಲ ಎಲ್ಲವನ್ನೂ ಚೆನ್ನಾಗಿ ತಡೆಯುವುದು ಇದು. ಎರಡನೆಯದು 200ರ ಕುಲ. ದುಬಾರಿ ನಿಕ್ಕಲನ್ನು ಕಡಿಮೆ ಮಾಡಿ ಮ್ಯಾಂಗನೀಸನ್ನು ಹೆಚ್ಚಿಸಿ ಮಾಡಿದ್ದು. ಅಗ್ಗ, ಹೊಳಪಿನಲ್ಲಿ ಮೊದಲನೆಯದಕ್ಕೆ ಸಮ, ತಾಳಿಕೆಯಲ್ಲಿ ಕಡಿಮೆ. ಮೂರನೆಯದು 430, ಅಂದರೆ ‘18/0’, ನಿಕ್ಕಲ್ ಇಲ್ಲದ್ದು. ಸೂಜಿಗಲ್ಲಿಗೆ ಬಲವಾಗಿ ಅಂಟುವುದು ಈ ಮೂರನೆಯದು. ಮೊದಲಿನ ಎರಡೂ ಅಂಟುವುದಿಲ್ಲ; ಹೆಚ್ಚೆಂದರೆ ಅಚ್ಚಿನಲ್ಲಿ ಒತ್ತಿ ಬಗ್ಗಿಸಿದ ಕಡೆ ನಸುವಾಗಿ ಸೆಳೆಯಬಹುದು. ಆದುದರಿಂದ ಸೂಜಿಗಲ್ಲು 304ನ್ನೂ 202ನ್ನೂ ಬೇರ್ಪಡಿಸಲಾರದು. ‘ನೋಡಿ ಸ್ವಾಮಿ, ಅಂಟುವುದಿಲ್ಲ, ಅಸಲಿ ಮಾಲು’ ಎಂದು ಅಂಗಡಿಯವನು ಸೂಜಿಗಲ್ಲು ಹಿಡಿದು ತೋರಿಸಿದರೆ ಅದಕ್ಕೆ ಅರ್ಧ ಬೆಲೆ ಮಾತ್ರ ಕೊಡತಕ್ಕದ್ದು. ಚೂರಿಯ ವಿಚಾರ ಬೇರೆ. ಅಲಗು ಹರಿತವಾಗಿ ನಿಲ್ಲಬೇಕಾದರೆ ಕಾಯಿಸಿ ಗಡುಸು ಮಾಡಬಲ್ಲ ಉಕ್ಕು ಬೇಕು. ಅದು ಸೂಜಿಗಲ್ಲಿಗೆ ಅಂಟುವಂಥದೇ. ಅಲ್ಲಿ ಅಂಟಿದರೆ ದೋಷವಲ್ಲ.

ಹಿತ್ತಾಳೆ ತಾಮ್ರ-ಸತುವುಗಳ ಬೆರಕೆ. ಕಂಚು ತಾಮ್ರ-ತವರಗಳ ಬೆರಕೆ. ಗಂಟೆಗೂ ತಟ್ಟೆಗೂ ಬರುವ ಕಂಚಿನಲ್ಲಿ ಸುಮಾರು 78 ಭಾಗ ತಾಮ್ರ, 22 ಭಾಗ ತವರ. ದಾರದಲ್ಲಿ ತೂಗುಹಾಕಿ ಬೆರಳಿನಿಂದ ತಟ್ಟಿದರೆ ಕಂಚು ದೀರ್ಘವಾಗಿ ನಾದಗೊಡುತ್ತದೆ, ಹಿತ್ತಾಳೆಯ ಸದ್ದು ಬೇಗ ಅಡಗುತ್ತದೆ. ಕಂಚು ಕೈಜಾರಿ ಕಲ್ಲಿನ ಮೇಲೆ ಬಿದ್ದರೆ ಒಡೆಯಬಹುದೆಂಬುದನ್ನೂ ನೆನಪಿಡಬೇಕು.

ಇನ್ನು ಬೆಳ್ಳಿ. ಜರ್ಮನ್ ಸಿಲ್ವರ್ ಎಂಬುದರಲ್ಲಿ ಸಿಲ್ವರ್ ಎಂಬ ಮಾತಿದೆಯೇ ಹೊರತು ಬೆಳ್ಳಿ ಇಲ್ಲ. ಅದು ತಾಮ್ರ, ನಿಕ್ಕಲ್, ಸತುವುಗಳ ಬೆರಕೆ. ಅದರ ಮೇಲೆ ವಿದ್ಯುತ್ತಿನಿಂದ ಬೆಳ್ಳಿಯ ತೆಳುಪದರ ಹತ್ತಿಸಿದ್ದರೆ ಬೆನ್ನ ಮೇಲೆ ಇಂಗ್ಲಿಷಿನ ಇ, ಪಿ, ಎನ್, ಎಸ್ ಎಂಬ ನಾಲ್ಕಕ್ಷರಗಳಿರುತ್ತವೆ. ಮುಂಬಯಿಯ ಚೋರ್ ಬಜಾರಿನಂಥ ಹಳೆಯ ಸಾಮಾನಿನ ಪೇಟೆಗಳಲ್ಲಿ ಇಂಥ ಚಮಚಗಳು ಸಿಗುತ್ತವೆ. ‘ಶೆಫೀಲ್ಡ್’ ಎಂದು ಬರೆದದ್ದನ್ನು ಕಂಡು ಬೆಳ್ಳಿಯ ಬೆಲೆ ಕೊಟ್ಟು ಬರಬೇಡಿ. ಅದು ಊರಿನ ಹೆಸರು, ಲೋಹದ್ದಲ್ಲ. ಇಂಗ್ಲೆಂಡಿನ ಅಪ್ಪಟ ಬೆಳ್ಳಿಯ ಮೇಲೆ ನಡೆಯುತ್ತಿರುವ ಸಿಂಹದ ಮುದ್ರೆ ಇರುತ್ತದೆ. ಅದಕ್ಕೆ ಸಾವಿರಕ್ಕೆ 925 ಭಾಗ ಬೆಳ್ಳಿ ಎಂದರ್ಥ.

ಮುದ್ರೆಯೇ ಇಲ್ಲದ ನಮ್ಮ ಊರ ಕಡೆಯ ಹಳೆಯ ಬೆಳ್ಳಿಗೆ ನೀರಿನ ಪರೀಕ್ಷೆಯೇ ಗತಿ. ಮೊದಲು ವಸ್ತುವನ್ನು ತೂಗಿ ಗ್ರಾಂಗಳನ್ನು ಬರೆದುಕೊಳ್ಳಿ. ಆಮೇಲೆ ತಕ್ಕಡಿಯ ಮೇಲೆ ನೀರು ತುಂಬಿದ ಲೋಟವನ್ನಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ವಸ್ತುವನ್ನು ದಾರಕ್ಕೆ ಕಟ್ಟಿ, ತಳಕ್ಕೂ ಅಂಚಿಗೂ ತಾಗದಂತೆ, ಪೂರ್ತಿ ಮುಳುಗುವಂತೆ ನೀರಿನಲ್ಲಿ ಇಳಿಬಿಡಿ. ಆಗ ತಕ್ಕಡಿ ತೋರಿಸುವ ಅಂಕಿಯೇ ವಸ್ತುವಿನ ಗಾತ್ರ. ಮೊದಲಿನ ತೂಕವನ್ನು ಈ ಅಂಕಿಯಿಂದ ಭಾಗಿಸಿ. ಉದಾಹರಣೆಗೆ, ತೂಕ 42 ಗ್ರಾಂ, ನೀರಿನಲ್ಲಿ ಅಂಕಿ 4 ಬಂದರೆ ಉತ್ತರ ಹತ್ತೂವರೆ. ಅದು ಬೆಳ್ಳಿಯ ಲೆಕ್ಕ. ಅಂಕಿ 5 ಬಂದರೆ ಉತ್ತರ ಸುಮಾರು ಎಂಟೂವರೆ. ಅದು ಹಿತ್ತಾಳೆ ಅಥವಾ ಜರ್ಮನ್ ಸಿಲ್ವರ್. ಸ್ಟೀಲಿಗೆ ಎಂಟರ ಹತ್ತಿರ ಬರುತ್ತದೆ. ಬೆಳ್ಳಿಗೆ ತಾಮ್ರ ಹೆಚ್ಚು ಬೆರೆತಷ್ಟೂ ಉತ್ತರ ಹತ್ತೂವರೆಗಿಂತ ಕೆಳಗಿಳಿಯುತ್ತದೆ. ಒಳಗೆ ಟೊಳ್ಳಿರುವ ವಸ್ತುಗಳಿಗೆ ಈ ಪರೀಕ್ಷೆ ಸಲ್ಲದು. ಸಣ್ಣ ವಸ್ತುಗಳಿಗೆ ಗ್ರಾಮಿನ ಹತ್ತನೆಯ ಭಾಗವನ್ನೂ ತೋರಿಸುವ ತಕ್ಕಡಿ ಬೇಕು. ಮನೆಯ ಮಕ್ಕಳಿಗೆ ಆರ್ಕಿಮಿಡೀಸನ ಪಾಠವನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಐದು ನಿಮಿಷದ ಈ ಕೆಲಸವನ್ನು ನಾವು ಮಾಡಿದ್ದರೆ ಒಳಲೆ ಇಂದೂ ಮನೆಯಲ್ಲಿರುತ್ತಿತ್ತು.

ಬೆಳ್ಳಿ ಕಪ್ಪಾಗುವುದೇಕೆಂದು ಕೇಳಬಹುದು. ಗಾಳಿಯಲ್ಲಿಯೂ ಮೊಟ್ಟೆಯಂಥ ಆಹಾರದಲ್ಲಿಯೂ ಇರುವ ಗಂಧಕ ಬೆಳ್ಳಿಯೊಡನೆ ಕೂಡಿ ಈ ಕರಿಯ ಪೊರೆಯಾಗುತ್ತದೆ. ಅದನ್ನು ತೆಗೆಯಲು ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಹಾಳೆ ಹಾಸಿ, ಬೆಳ್ಳಿ ಅದಕ್ಕೆ ತಾಗುವಂತೆ ಇಟ್ಟು, ಒಂದು ಚಮಚ ಅಡಿಗೆ ಸೋಡ ಹಾಕಿ ಕುದಿನೀರು ಸುರಿಯಿರಿ. ಗಂಧಕ ಬೆಳ್ಳಿಯನ್ನು ಬಿಟ್ಟು ಅಲ್ಯೂಮಿನಿಯಮಿನ ಕಡೆಗೆ ಹೋಗುತ್ತದೆ. ಉಜ್ಜಿದರೆ ಬೆಳ್ಳಿ ಸವೆಯುತ್ತದೆ. ಈ ಉಪಾಯದಲ್ಲಿ ಸವೆಯುವುದಿಲ್ಲ. ಹರಳು ಕೂಡಿಸಿದ್ದಕ್ಕೂ, ಬೇಕೆಂದೇ ಕಪ್ಪು ಹಿಡಿಸಿದ ಚಿತ್ತಾರಕ್ಕೂ ಮಾತ್ರ ಇದನ್ನು ಮಾಡಬಾರದು.

ಕೊಳ್ಳುವ ಕ್ರಮ

ಮೊದಲು ನಿಮ್ಮ ಮನೆಯ ಊಟದ ರೀತಿಯನ್ನು ನೋಡಿಕೊಳ್ಳಿ. ಪೆಟ್ಟಿಗೆಯ ಸೆಟ್ಟುಗಳು ಬಹುಮಟ್ಟಿಗೆ ಪಾಶ್ಚಾತ್ಯ ಊಟದ ಲೆಕ್ಕದಲ್ಲಿ ಕಟ್ಟಿದವು. ಅನ್ನ-ಸಾರಿನ ಮನೆಗೆ ಬೇಕಾದದ್ದು ಒಳ್ಳೆಯ ನಾಲ್ಕು ಸೌಟು, ಒಂದು ಸಟ್ಟುಗ, ಒಂದು ಜಾಲರಿ, ಉಪ್ಪಿಟ್ಟು-ಚಿತ್ರಾನ್ನಗಳಿಗೆ ಮನೆಯವರಿಗೊಂದರಂತೆ ದೊಡ್ಡ ಚಮಚ, ಅದಕ್ಕಿಂತ ಹೆಚ್ಚಿನ ಸಂಖ್ಯೆಯಲ್ಲಿ ಟೀ ಚಮಚ. ಫೋರ್ಕು ಎರಡಿದ್ದರೂ ಸಾಕು.

ಅಂಗಡಿಯಲ್ಲಿ ಚಮಚವನ್ನು ಕೈಗೆತ್ತಿಕೊಂಡು ನಾಲ್ಕು ಪರೀಕ್ಷೆ ಮಾಡಿ. ಕತ್ತಿನ ಕೆಳಗೆ ಹೆಬ್ಬೆರಳಿಟ್ಟು ಒತ್ತಿ ನೋಡಿ. ಅಲ್ಲಿ ಬಗ್ಗುವಂತಿದ್ದರೆ ಬೇಡ. ಅಂಚಿನ ಮೇಲೆ ಬೆರಳೋಡಿಸಿ. ಹರಿತವಾಗಿದ್ದರೆ ತೆಳು ತಗಡನ್ನು ಕತ್ತರಿಸಿ ಹಾಗೆಯೇ ಬಿಟ್ಟಿದ್ದಾರೆಂದು ತಿಳಿಯಿರಿ, ಮಕ್ಕಳ ತುಟಿಗೆ ಅದು ಸಲ್ಲದು. ಫೋರ್ಕಿನ ಹಲ್ಲುಗಳ ಸಂದಿಯನ್ನು ನೋಡಿ. ಅಲ್ಲಿಯೂ ನಯ ಮಾಡಿದ್ದರೆ ತಯಾರಕನು ಕೆಲಸದಲ್ಲಿ ಕಳ್ಳತನ ಮಾಡಿಲ್ಲವೆಂದರ್ಥ. ಸೌಟಿನ ಹಿಡಿಯನ್ನು ಗುಂಡಿಗೆ ಬೆಸೆದ ಜಾಗದಲ್ಲಿ ಬಿರುಕು ಅಥವಾ ಗುಳಿ ಇರಬಾರದು. ಹುಳಿಯ ಪಿಷ್ಟ ಅಲ್ಲಿಯೇ ಕೂಡುವುದು. ಅಂಗಡಿಯವರು ‘ಗೇಜು’ ಎಂದು ಹೇಳುವ ಸಂಖ್ಯೆ ಹೆಚ್ಚಾದಷ್ಟೂ ತಗಡು ತೆಳು ಎಂಬುದನ್ನು ಮರೆಯಬೇಡಿ. ಹೆಚ್ಚು ಸಂಖ್ಯೆಯೆಂದು ಹಿಗ್ಗಬಾರದು. ದಪ್ಪವನ್ನು ಮಿಲಿಮೀಟರಿನಲ್ಲಿ ಕೇಳುವುದು ಉತ್ತಮ.

ದರ್ಜೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬಾಯಲ್ಲಿ 304 ಎನ್ನುವವರು ಕಾಗದದಲ್ಲಿ ಬರೆಯಲು ಹಿಂಜರಿದರೆ ಅದೇ ಉತ್ತರ. ಸ್ಟೀಲ್ ಮತ್ತು ಅಲ್ಯೂಮಿನಿಯಂ ಪಾತ್ರೆಗಳಿಗೆ ಐಎಸ್‌ಐ ಗುರುತನ್ನು ಕಡ್ಡಾಯ ಮಾಡುವ ಆದೇಶವನ್ನು ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಹೊರಡಿಸಿತು. ಪಾತ್ರೆಯ ಜೊತೆಗೆ ಸೌಟು ಕೊಳ್ಳುವಾಗಲೂ ಗುರುತನ್ನು ಕೇಳುವ ಅಭ್ಯಾಸ ಒಳ್ಳೆಯದು. ಬೆಳ್ಳಿಗೆ ಹಾಲ್‌ಮಾರ್ಕ್ ನೋಡಿ. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಯ ವಸ್ತುಗಳಿಗೂ ಆರು ಅಕ್ಷರ-ಅಂಕಿಗಳ ಪ್ರತ್ಯೇಕ ಸಂಖ್ಯೆಯುಳ್ಳ ಹಾಲ್‌ಮಾರ್ಕ್ ಪದ್ಧತಿ ಐಚ್ಛಿಕವಾಗಿ ಆರಂಭವಾಯಿತು. ‘ಬಿಐಎಸ್ ಕೇರ್’ ಎಂಬ ಆಪ್‌ನಲ್ಲಿ ಆ ಸಂಖ್ಯೆಯನ್ನು ಹಾಕಿ ಪರಿಶೀಲಿಸಬಹುದು.

ಎಲ್ಲಿ ಕೊಳ್ಳಬೇಕು? ಮುಂಬಯಿಯಲ್ಲಿ ಭುಲೇಶ್ವರ, ಪುಣೆಯಲ್ಲಿ ತುಳಶೀಬಾಗ್, ಹೈದರಾಬಾದಿನಲ್ಲಿ ಬೇಗಂ ಬಜಾರ್, ದೆಹಲಿಯಲ್ಲಿ ಸದರ್ ಬಜಾರಿನ ಡೆಪ್ಯುಟಿ ಗಂಜ್, ಚೆನ್ನೈಯಲ್ಲಿ ಟಿ. ನಗರ, ಇಲ್ಲೆಲ್ಲ ಪಾತ್ರೆಯ ಅಂಗಡಿಗಳ ಸಾಲುಗಳಿವೆ. ಬಿಡಿಯಾಗಿ, ಕೈಯಲ್ಲಿ ಹಿಡಿದು, ಆರಿಸಿಕೊಂಡು ಕೊಳ್ಳುವ ಅನುಕೂಲ ಇಂಥ ಪೇಟೆಗಳಲ್ಲಿದೆ.

ಒಂದು ಹೋದರೆ ಒಂದು

ಚಮಚ ಕಳೆಯುವುದು ನಮ್ಮ ಮನೆಯೊಂದರ ದೌರ್ಭಾಗ್ಯವಲ್ಲ. ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಬರ್ನೆಟ್ ಸಂಶೋಧನ ಸಂಸ್ಥೆಯವರು ತಮ್ಮ ಚಹದ ಕೋಣೆಗಳಲ್ಲಿ ಗುರುತು ಹಾಕಿದ 70 ಟೀ ಚಮಚಗಳನ್ನು ಇಟ್ಟು ಐದು ತಿಂಗಳು ಲೆಕ್ಕವಿಟ್ಟರು. 56 ಚಮಚಗಳು ಮಾಯವಾದವು! ಅರ್ಧದಷ್ಟು ಚಮಚಗಳು ಕಳೆಯಲು ಹಿಡಿಯುವ ಕಾಲ 81 ದಿನವೆಂದು ಲೆಕ್ಕ ಹಾಕಿ, 2005ರ ಡಿಸೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅವರು ಪ್ರಕಟಿಸಿದರು. ವಿಜ್ಞಾನಿಗಳ ಕಣ್ಣೆದುರಿಗೇ ಹೀಗಾದರೆ, ಟಿಫಿನ್ ಡಬ್ಬಗಳು ದಿನಕ್ಕೆರಡು ಬಾರಿ ಹೊರಗೆ ಹೋಗಿ ಬರುವ ನಮ್ಮ ಮನೆಗಳ ಗತಿಯೇನು?

ಆದುದರಿಂದ ಕಳೆಯುತ್ತದೆಂದು ಮೊದಲೇ ಒಪ್ಪಿಕೊಂಡು ಕೊಳ್ಳುವುದು ಜಾಣತನ. ಚಿತ್ತಾರದ ಹಿಡಿಗಳು ಕೆಲವು ವರ್ಷಗಳಲ್ಲಿ ಅಂಗಡಿಯಿಂದ ಮರೆಯಾಗಬಹುದು. ಸಾದಾ ಹಿಡಿಗೆ ಜೊತೆ ಹುಡುಕುವುದು ಸುಲಭ. ಟೀ ಚಮಚಗಳನ್ನು ಮೊದಲಲ್ಲೇ ನಾಲ್ಕು ಹೆಚ್ಚು ಕೊಂಡು ಎತ್ತಿಡಿ. ಉಳಿದದ್ದೊಂದರ ಬೆನ್ನಿನ ಮುದ್ರೆಯ ಫೋಟೋ ತೆಗೆದಿಟ್ಟುಕೊಳ್ಳಿ. ತುದಿಯಿಂದ ತುದಿಗೆ ಉದ್ದವನ್ನು ಸೆಂಟಿಮೀಟರಿನಲ್ಲಿ ಬರೆದಿಡಿ. ಅಂಗಡಿಗೆ ಹೋಗುವಾಗ ನಮೂನೆಗೆ ಒಂದನ್ನು ಕರವಸ್ತ್ರದಲ್ಲಿ ಸುತ್ತಿ ಒಯ್ಯಿರಿ. ‘ಅದೇ ತರಹದ್ದು’ ಎಂಬ ಬಾಯಿಮಾತಿನಿಂದ ಅದೇ ತರಹದ್ದು ಎಂದೂ ಬರುವುದಿಲ್ಲ. ಜೊತೆ ಸಿಗದಿದ್ದರೆ ಕೊರಗಬೇಡಿ. ಮನೆಯವರಿಗೊಬ್ಬೊಬ್ಬರಿಗೆ ಒಂದೊಂದು ಬಗೆಯ ಚಮಚವಿದ್ದರೆ ಕಳೆದವರಾರೆಂಬುದಾದರೂ ತಿಳಿಯುತ್ತದೆ!

ಒಂದು ಎಚ್ಚರಿಕೆ. ಔಷಧದ ಸೀಸೆಯ ಮೇಲೆ ಟೀ ಚಮಚವೆಂದರೆ 5 ಮಿಲಿಲೀಟರ್, ದೊಡ್ಡ ಚಮಚವೆಂದರೆ 15 ಮಿಲಿಲೀಟರ್. ಮನೆಯ ಚಮಚಗಳು ಒಂದೊಂದು ಒಂದೊಂದು ಅಳತೆ; ಬದಲಿ ತಂದದ್ದು ಇನ್ನೂ ಬೇರೆ. ಮಕ್ಕಳಿಗೆ ಔಷಧ ಹಾಕಲು ಸೀಸೆಯ ಜೊತೆಗೆ ಬಂದ ಅಳತೆಯನ್ನೇ ಬಳಸತಕ್ಕದ್ದು.

ಹಳೆಯದನ್ನು ಬದಲಾಯಿಸುವ ಮುನ್ನ ದುರಸ್ತಿ ಸಾಧ್ಯವೇ ನೋಡಿ. ಸ್ಟೀಲಿನ ಕಂದು ಚುಕ್ಕೆ ಎಷ್ಟೋ ವೇಳೆ ಕಬ್ಬಿಣದ ಉಜ್ಜುವ ನಾರಿನ ಚೂರು ಅಂಟಿ ತುಕ್ಕಾದದ್ದು. ಮೆತ್ತಗೆ ಸೋಡದಿಂದ ತಿಕ್ಕಿದರೆ ಹೋದೀತು. ಉಪ್ಪು-ಹುಣಿಸೆಯ ಎಂಜಲಿನಲ್ಲಿ ರಾತ್ರಿಯೆಲ್ಲ ಬಿಟ್ಟರೆ ಒಳ್ಳೆಯ ಸ್ಟೀಲಿಗೂ ಗುಳಿ ಬೀಳಬಹುದು. ಹಿತ್ತಾಳೆಯ ಸೌಟನ್ನು ಹುಣಿಸೆಹಣ್ಣಿನಿಂದ ತೊಳೆದರೆ ಹೊಸದರಂತಾಗುತ್ತದೆ. ಹುಣಿಸೆಯ ಆಮ್ಲ ಕಿಲುಬನ್ನು ಕರಗಿಸುತ್ತದೆ. ಅದೇ ಕಾರಣದಿಂದ ಕಲಾಯಿಯಿಲ್ಲದ ಹಿತ್ತಾಳೆಯನ್ನು ಸಾರು-ಹುಳಿಯಲ್ಲಿ ಬಿಡಬಾರದು. ಆಮ್ಲಕ್ಕೆ ತಾಮ್ರವೂ ಕರಗಿ ಊಟಕ್ಕೆ ಸೇರುತ್ತದೆ. ಕಲಾಯಿ ಎಂದರೆ ತವರದ ಲೇಪ. ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿ ಎರಚಿ ಮೈ ಶುದ್ಧಮಾಡಿ, ಕರಗಿದ ತವರವನ್ನು ಬಟ್ಟೆಯಿಂದ ಸವರುತ್ತಾರೆ. ತವರ 232 ಡಿಗ್ರಿಯಲ್ಲೇ ಕರಗುವುದರಿಂದ ಬರಿಯ ಪಾತ್ರೆಯನ್ನು ಉರಿಯ ಮೇಲೆ ಮರೆತರೆ ಕಲಾಯಿ ಹಾಳಾಗುತ್ತದೆ. ಬೀದಿಯಲ್ಲಿ ಕೂಗುತ್ತ ಬರುವ ಕಲಾಯಿಯವರು ಈಗ ಅಪರೂಪ. ಪುಣೆಯವರಿಗಾದರೆ ಕಸಬಾ ಪೇಠೆಯ ತಾಂಬಟ ಆಳಿಯಲ್ಲಿ ತಾಮ್ರ-ಹಿತ್ತಾಳೆಯ ಕಸುಬುದಾರರು ಇಂದಿಗೂ ಇದ್ದಾರೆ.

ಕೊನೆಯ ಮಾತು

ನಮ್ಮ ಅತ್ತೆಯವರು ಮೂರು ತಿಂಗಳಿದ್ದು ಊರಿಗೆ ಹೊರಟರು. ಅವರು ಹೋದ ಮೇಲೆ ಬೆಂಗಳೂರಿನ ಚಿಕ್ಕಪೇಟೆಯಿಂದ ಬೆಳ್ಳಿಯ ಹೊಸ ಒಳಲೆಯೊಂದನ್ನು ಹಾಲ್‌ಮಾರ್ಕ್ ನೋಡಿ ತರಿಸಿದೆವು. ಬೆನ್ನ ಮೇಲೆ ಅಜ್ಜನವರ ಹೆಸರನ್ನೂ ಅದರ ಕೆಳಗೆ ಮಗುವಿನ ಹೆಸರನ್ನೂ ಕನ್ನಡದಲ್ಲಿ ಕೆತ್ತಿಸಿದೆವು. ಹಳೆಯದರ ಸ್ಥಾನವನ್ನು ಇದು ತುಂಬಿತೆಂದು ನಾವು ಹೇಳಲಾರೆವು. ಮೂರು ತಲೆಯ ಮಕ್ಕಳ ತುಟಿ ಸೋಕಿದ ಅಂಚನ್ನು ಯಾವ ಅಂಗಡಿಯಲ್ಲಿ ಕೊಳ್ಳಲಾದೀತು?

ಆದರೆ ಅಂದಿನಿಂದ ಒಂದು ಕೆಲಸ ಮಾಡಿದ್ದೇವೆ. ಮನೆಯಲ್ಲಿ ಉಳಿದಿರುವ ಹಳೆಯ ಸೌಟು, ಮಿಳ್ಳೆ, ಉದ್ಧರಣೆಗಳನ್ನೆಲ್ಲ ತೊಳೆದು, ತೂಗಿ, ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದೇವೆ: ಹೆಸರೇನು, ಯಾವ ಲೋಹ, ಎಷ್ಟು ಗ್ರಾಂ, ಯಾರಿಂದ ಬಂದದ್ದು, ಬೆನ್ನ ಮೇಲೆ ಏನು ಬರೆದಿದೆ. ಒಟ್ಟು ಹನ್ನೊಂದೇ ವಸ್ತುಗಳು. ಒಂದು ಭಾನುವಾರದ ಮಧ್ಯಾಹ್ನ ಸಾಕಾಯಿತು. ಯಾರಿಂದ ಬಂದದ್ದೆಂಬುದನ್ನು ತಿಳಿಯಲು ಅತ್ತೆಯವರಿಗೆ ಫೋನು ಮಾಡಬೇಕಾಯಿತು. ಅವರು ಒಂದೊಂದಕ್ಕೂ ಒಂದೊಂದು ಕಥೆ ಹೇಳಿದರು, ಅವನ್ನೂ ಬರೆದುಕೊಂಡೆವು.

ವಾಚಕರ ಮನೆಗಳಲ್ಲಿಯೂ ಅಟ್ಟದ ಮೇಲೆ ಇಂಥದೊಂದು ಡಬ್ಬವಿದ್ದೇ ಇರುತ್ತದೆ. ಅದರೊಳಗಿನ ವಸ್ತುಗಳ ಕಥೆ ಬಲ್ಲವರೊಬ್ಬರು ಊರಿನಲ್ಲಿಯೋ ಪಕ್ಕದ ಕೋಣೆಯಲ್ಲಿಯೋ ಇರುತ್ತಾರೆ. ಅವರಿರುವಾಗಲೇ ಆ ಡಬ್ಬವನ್ನು ಕೆಳಗಿಳಿಸಿ.